ಅಪ್‌ಡೇಟ್: ಹೈಯಲುರಾನಿಕ್ ಆಸಿಡ್ ಹಚ್ಚಿದರೂ ಮುಖ ಒಣಗುತ್ತಿತ್ತು, ಈಗ ಸರಿಹೋಗಿದೆ

ಎರಡು ವಾರದ ಹಿಂದೆ ಕೇಳಿದ್ದೆ: ಹೈಯಲುರಾನಿಕ್ ಆಸಿಡ್ (ಚರ್ಮದಲ್ಲಿ ನೀರಿನಂಶ ಉಳಿಸೋಕೆ ಬಳಸುವ ವಸ್ತು) ಇರುವ ಸೀರಮ್ ಹಚ್ಚಿದರೆ ಮುಖ ಇನ್ನೂ ಜಾಸ್ತಿ ಬಿಗಿಯುತ್ತದೆ, ಯಾಕೆ ಅಂತ. ಅಮ್ಮನ ಮಂಡಿನೋವಿಗೆ ಅದರದ್ದೇ ಇಂಜೆಕ್ಷನ್ ಹಾಕಿಸಬಹುದಾ ಅಂತಲೂ ಕೇಳಿದ್ದೆ.

ಕೆಲಸಕ್ಕೆ ಬಂದದ್ದು "ಒದ್ದೆ ಮುಖಕ್ಕೆ ಹಚ್ಚಿ, ಮೇಲೆ ಕ್ರೀಮ್ ಹಾಕಿ" ಅನ್ನುವ ಸಲಹೆ. ನಾನು ಟವೆಲ್‌ನಲ್ಲಿ ಪೂರ್ತಿ ಒರೆಸಿಕೊಂಡು ಹಚ್ಚುತ್ತಿದ್ದೆ. ಹೈಯಲುರಾನಿಕ್ ಆಸಿಡ್ ನೀರನ್ನು ಹಿಡಿದಿಡುತ್ತದೆ, ಸರಿ, ಆದರೆ ಹಿಡಿಯೋಕೆ ನೀರು ಇರಬೇಕಲ್ವಾ? ಅದರ ಮೇಲೆ ಬೆಂಗಳೂರಿನ ಜನವರಿ ಗಾಳಿ ಬೇರೆ. ಈಗ ಕೆನ್ನೆ ಇನ್ನೂ ಹಸಿಯಾಗಿರುವಾಗಲೇ ಎರಡು ಹನಿ, ತಕ್ಷಣ ಕ್ರೀಮ್. ನಾಲ್ಕೇ ದಿನಕ್ಕೆ ಮೂಗಿನ ಪಕ್ಕ ಏಳುತ್ತಿದ್ದ ಹೊಟ್ಟು ನಿಂತಿತು. ಸೀರಮ್ ಜಾಸ್ತಿ ಹಚ್ಚಿ ನೋಡಿದ್ದು ಉಪಯೋಗವಾಗಲಿಲ್ಲ, ಬರೀ ಅಂಟಂಟು.

ಅಮ್ಮನನ್ನು ಜಯನಗರದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಮಂಡಿ ಕೀಲಿನೊಳಗಿನ ಜಾರು ದ್ರವದಲ್ಲೂ ಇದೇ ವಸ್ತು ಇರುತ್ತದಂತೆ! ಇಂಜೆಕ್ಷನ್‌ನಿಂದ ಕೆಲವರಿಗೆ ಸ್ವಲ್ಪ ಆರಾಮ ಸಿಗಬಹುದು, ಕೀಲಿನಲ್ಲಿ ಸವೆದದ್ದು ಮಾತ್ರ ಮತ್ತೆ ಬೆಳೆಯುವುದಿಲ್ಲ ಅಂದರು ಡಾಕ್ಟರು. ಮೊದಲು ತೊಡೆಗೆ ವ್ಯಾಯಾಮ. ಅಮ್ಮ ಈಗ ದಿನಾ ಕುರ್ಚಿಯಲ್ಲಿ ಕೂತು, ಕಾಲು ಚಾಚಿ ಹತ್ತು ಎಣಿಸುತ್ತಾರೆ.

ಇನ್ನೊಂದು ಗೊತ್ತಾಯಿತು: 1934ರಲ್ಲಿ ಹೈಯಲುರಾನಿಕ್ ಆಸಿಡ್ ಅನ್ನು ಮೊದಲು ಬೇರ್ಪಡಿಸಿದ್ದು ಹಸುವಿನ ಕಣ್ಣಿನಿಂದ.