ಮೂಲನಿವಾಸಿಗಳ ಕೈಮುದ್ರಣದ ಬಟ್ಟೆ ಕೊಂಡು ಸ್ವತಃ ಹೊಲಿದುಕೊಂಡವರು ಅನುಭವ ತಿಳಿಸುವಿರಾ?

ಬ್ರಿಸ್ಬೇನ್‌ನಿಂದ ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ಮೂಲನಿವಾಸಿ ಕಲಾಕೇಂದ್ರಗಳಲ್ಲಿ ಕೈಯಿಂದ ಸ್ಕ್ರೀನ್ ಪ್ರಿಂಟ್ ಮಾಡಿದ ಲಿನನ್ ಕೊಂಡು ಒಂದು ಕುರ್ತಾ ಹೊಲಿದುಕೊಳ್ಳಬೇಕೆಂದಿದ್ದೇನೆ. 200 ಡಾಲರಿನೊಳಗೆ ಮುಗಿಯುವುದೇ? ಎಲ್ಲಿ ಕೊಳ್ಳುವುದು ಒಳ್ಳೆಯದು?

ಡಾರ್ವಿನ್‌ನಿಂದ: ಪ್ರತಿ ಆಗಸ್ಟ್‌ನಲ್ಲಿ ನಮ್ಮೂರಿನಲ್ಲಿ ಮೂಲನಿವಾಸಿ ಕಲಾಮೇಳ ನಡೆಯುತ್ತದೆ. ಅಲ್ಲಿ ಮಳಿಗೆ ಹಾಕುವವರು ಕಲಾಕೇಂದ್ರದವರೇ ಆದ್ದರಿಂದ ನಾನು ಬೇರೆಲ್ಲೂ ಕೊಳ್ಳುವುದಿಲ್ಲ. ಕಳೆದ ಬಾರಿ ಉತ್ತರ ಆಸ್ಟ್ರೇಲಿಯಾದ ಮನಿಂಗ್ರಿಡಾ ಎಂಬ ಊರಿನ ಬಬ್ಬರಾ ಮಹಿಳಾ ಕೇಂದ್ರದ ಲಿನನ್ ತಂದೆ. ಮೀಟರಿಗೆ 130 ಡಾಲರಿನಂತೆ ಎರಡೂವರೆ ಮೀಟರಿಗೆ 325, ಲೈನಿಂಗ್‌ಗೆ 28, ದಾರಕ್ಕೆ 9, ಗುಂಡಿ ಮತ್ತು ಸೂಜಿಗೆ 14, ಒಟ್ಟು 376 ಡಾಲರ್ ಆಯಿತು. ಬಟ್ಟೆಯ ಮೇಲೆ ಯಾಕ್‌ಯಾಕ್ ಎಂಬ ನೀರಿನ ಹೆಣ್ಣು ಚೇತನಗಳು ನಿಂತ ಭಂಗಿಯಲ್ಲಿದ್ದುದರಿಂದ ತುಂಡುಗಳನ್ನು ತಲೆಕೆಳಗಾಗಿಸಿ ಬಟ್ಟೆ ಉಳಿಸುವಂತಿರಲಿಲ್ಲ, ತೋಳಿಗೇ ಅರ್ಧ ಮೀಟರ್ ಹೆಚ್ಚು ಹೋಯಿತು. ಟಕ್ಸ್ ಹಿಡಿದರೆ ಆ ಮುಖಗಳು ಮಡಿಕೆಯೊಳಗೆ ಸೇರಿಹೋಗುತ್ತವೆಂದು ಕುರ್ತಾವನ್ನು ನೇರವಾಗಿಯೇ ಕತ್ತರಿಸಿದೆ. ಅದನ್ನು ಧರಿಸಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಮೆಲ್ಬರ್ನ್‌ನಿಂದ: ಮೇಳಕ್ಕೆ ಹೋಗಲಾಗದವರ ಪಾಡನ್ನೂ ಕೇಳಿ. ಜಾಲತಾಣದ ಮಾರಾಟಗಾರರೊಬ್ಬರು ‘ಮೂಲನಿವಾಸಿ ಕೈಮುದ್ರಣ’ ಎಂದು ಮೀಟರಿಗೆ 60 ಡಾಲರಿನಂತೆ ಮಾರಿದ ಬಟ್ಟೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಜೊತೆಗೆ ನೆನೆಹಾಕಿದ್ದ ಬಿಳಿ ಲೈನಿಂಗನ್ನೂ ಕೆಡಿಸಿತು. ಕಲಾವಿದರ ಹೆಸರಿಲ್ಲ, ಊರಿನ ಹೆಸರಿಲ್ಲ, ಬರೀ ಚುಕ್ಕೆಗಳು. ಬಟ್ಟೆ 180, ಅಂಚೆ 22, ಲೈನಿಂಗ್ 31, ಹಿಂದಿರುಗಿಸಲು ಮತ್ತೆ 22 ಡಾಲರ್ ಹೋಯಿತು, ಒಗೆದ ಬಟ್ಟೆಯೆಂದು ಹಣ ಕೊಡಲಿಲ್ಲ. ಮೂಲನಿವಾಸಿ ಶೈಲಿಯ ಸ್ಮರಣಿಕೆ ವಸ್ತುಗಳಿಗೆ ಜನ ಸುರಿಯುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಮಾಲಿಗೇ ಹೋಗುತ್ತದೆ ಎಂದು ಆಸ್ಟ್ರೇಲಿಯಾ ಸರ್ಕಾರದ ಉತ್ಪಾದಕತಾ ಆಯೋಗ 2022ರ ವರದಿಯಲ್ಲಿಯೇ ಹೇಳಿದೆ. ಕಲಾವಿದರ ಹೆಸರು, ವಿನ್ಯಾಸದ ಹೆಸರು, ಕಲಾಕೇಂದ್ರದ ಹೆಸರು, ಈ ಮೂರೂ ಇಲ್ಲದ ಬಟ್ಟೆಯನ್ನು ದಯವಿಟ್ಟು ಮುಟ್ಟಬೇಡಿ.

ಸಿಡ್ನಿಯಿಂದ: ಇಷ್ಟೊಂದು ಸಂಕಟವೇಕೆ? ಕಲಾವಿದರ ಪರವಾನಗಿ ಪಡೆದು ಯಂತ್ರದಲ್ಲಿ ಮುದ್ರಿಸಿದ ಹತ್ತಿ ಬಟ್ಟೆ ಮೀಟರಿಗೆ 30 ಡಾಲರಿಗೆ ನನಗೆ ಸಿಗುತ್ತದೆ, ಅಂಚಿನಲ್ಲಿ ಕಲಾವಿದೆಯ ಹೆಸರೂ ಇರುತ್ತದೆ. ಅಗಲ 110 ಸೆಂಟಿಮೀಟರ್ ಮಾತ್ರವಾದ್ದರಿಂದ ನನ್ನ ಕುರ್ತಾಕ್ಕೆ ಮೂರು ಮೀಟರ್ ಬೇಕಾಯಿತು, 90 ಡಾಲರಿಗೆ ಮುಗಿಯಿತು. ವರ್ಷಗಟ್ಟಲೆ ಒಗೆದರೂ ಬಣ್ಣ ಮಾಸಿಲ್ಲ. ಕಲಾವಿದೆಗೆ ರಾಯಲ್ಟಿಯೂ ಹೋಗುತ್ತದೆ.

ಡಾರ್ವಿನ್‌ನಿಂದ: ಕೇಳಿದ್ದು ಕೈಮುದ್ರಣದ ಬಗ್ಗೆ. ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಸ್ಕ್ರೀನ್ (ಜಾಲರಿಯ ಚೌಕಟ್ಟು) ಇಟ್ಟು, ಉದ್ದ ಮೇಜಿನ ಮೇಲೆ ಗುರುತಿಗೆ ಸರಿಯಾಗಿ ಕೂರಿಸಿ ಬಣ್ಣ ಎಳೆದು, ಅದು ಒಣಗಿದ ಮೇಲೆ ಮುಂದಿನ ಬಣ್ಣಕ್ಕೆ ಕೈಹಾಕಿ, ಕೊನೆಗೆ ಶಾಖದಿಂದ ಬಣ್ಣವನ್ನು ಗಟ್ಟಿಗೊಳಿಸುವ ಕೆಲಸವದು. ಬ್ಯಾಥರ್ಸ್ಟ್ ದ್ವೀಪದಲ್ಲಿ ಟಿವಿ (Tiwi) ಎಂಬ ಮೂಲನಿವಾಸಿಗಳ ಕಲಾಕೇಂದ್ರವಾದ ಟಿವಿ ಡಿಸೈನ್ಸ್ 1969ರಿಂದಲೂ ಈ ಕೆಲಸವನ್ನು ಊರಲ್ಲೇ ಉಳಿಸಿಕೊಂಡಿದೆ. ಆ ಕೂಲಿ ಉಳಿಸಿದ್ದನ್ನು ಜಾಣತನವೆಂದು ಹೇಳಿಕೊಳ್ಳಬೇಡಿ.

ಸಿಡ್ನಿಯಿಂದ: ನಾನು ಯಾರ ಕೂಲಿಯನ್ನೂ ಕಸಿದಿಲ್ಲ. ಎರಡು ಮಕ್ಕಳ ಶಾಲಾ ಖರ್ಚಿನ ನಡುವೆ 376 ಡಾಲರಿನ ಕುರ್ತಾ ಎಲ್ಲರಿಗೂ ಸಾಧ್ಯವಿಲ್ಲ ಎಂಬುದನ್ನು ತಾವು ಒಪ್ಪಲೇಬೇಕು.

ಬೆಂಗಳೂರಿನಿಂದ: ಬಬ್ಬರಾದ ಕಲಾವಿದೆಯರು ನಮ್ಮ ಊರಿನ ತರಂಗಿಣಿ ಸ್ಟುಡಿಯೋದವರೊಂದಿಗೆ ಸೇರಿ ಮರದ ಅಚ್ಚಿನ ಮುದ್ರಣದಲ್ಲಿಯೂ ಕೆಲಸ ಮಾಡಿದ್ದಾರೆಂದು ತಿಳಿದು ನಾನು ಈ ಬಟ್ಟೆಗಳ ಹಿಂದೆ ಬಿದ್ದೆ. ಡಾರ್ವಿನ್ನಿಂದ ತಂಗಿ ತಂದುಕೊಟ್ಟ ಲಿನನ್ನನ್ನು ಜಯನಗರದ ದರ್ಜಿಗೆ ಕೊಟ್ಟಾಗ ಮೀನಿನ ಬಲೆಯ ಚಿತ್ರ ಬೆನ್ನಿಗೆ ಬರಬೇಕೆಂದು ಬರೆದುಕೊಟ್ಟಿದ್ದರೂ, ಅವರು ಅದನ್ನು ಎರಡು ಹೋಳಾಗಿಸಿ ತೋಳಿಗೆ ಹಾಕಿದರು. ಹೊಲಿಗೆಗೆ 1,800 ರೂಪಾಯಿ ಬೇರೆ! ಪಿಗ್ಮೆಂಟ್ ಬಣ್ಣ ಬಟ್ಟೆಯ ಮೇಲೇ ನಿಲ್ಲುವುದರಿಂದ ಬಿಚ್ಚಿದ ಹೊಲಿಗೆಯ ಸೂಜಿ ತೂತುಗಳು ಇಂದಿಗೂ ಬಿಳಿಯಾಗಿ ಕಾಣುತ್ತವೆ. ಉಳಿದ ತುಂಡುಗಳಿಂದ ರವಿಕೆ ಹೊಲಿದು ಪರಿಚಯದವರಿಗೆ ಮಾರುತ್ತಿದ್ದೇನೆ.

ಮೆಲ್ಬರ್ನ್‌ನಿಂದ: ಮಾರುತ್ತಿದ್ದೀರಾ? ಕಲಾಕೇಂದ್ರದ ಅನುಮತಿ ಪಡೆದಿರೇ? ಗನಲ್ಬಿಂಗು ಕುಲದ ಕಲಾವಿದ ಜಾನಿ ಬುಲುನ್ ಬುಲುನ್ ಅವರ ಚಿತ್ರವನ್ನು ಕೇಳದೆ ಬಟ್ಟೆಯ ಮೇಲೆ ಅಚ್ಚು ಹಾಕಿದ್ದಕ್ಕೆ ಹೂಡಿದ ಮೊಕದ್ದಮೆಯ ತೀರ್ಪನ್ನು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 1998ರಲ್ಲಿ ಕೊಟ್ಟಿತು. ಅಂಥ ಚಿತ್ರದಲ್ಲಿ ಇಡೀ ಕುಲದ ಹಿತವಿದೆ, ಅದನ್ನು ಕಾಯುವ ಹೊಣೆ ಕಲಾವಿದನ ಮೇಲಿದೆ ಎಂದು ನ್ಯಾಯಾಲಯ ಹೇಳಿತು.

ಬೆಂಗಳೂರಿನಿಂದ: ಅವರು ನಕಲು ಮುದ್ರಿಸಿದವರು, ನಾನು ಪೂರ್ತಿ ಬೆಲೆ ತೆತ್ತು ತಂದ ಬಟ್ಟೆಯನ್ನು ಹೊಲಿದವಳು. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಮೆಲ್ಬರ್ನ್‌ನಿಂದ: ಒಂದು ಮಿಂಚಂಚೆ ಬರೆದು ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಅಡಿಲೇಡ್‌ನಿಂದ: ಬ್ರಿಸ್ಬೇನ್‌ನವರು ಕೇಳಿದ 200 ಡಾಲರಿನ ಲೆಕ್ಕಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಒಂದೇ ಮೀಟರ್ ಕೈಮುದ್ರಣದ ಲಿನನ್ ಕೊಂಡು, ಅದನ್ನು ಎದೆಯ ಭಾಗಕ್ಕೂ ತೋಳಿನ ಅಂಚಿಗೂ ಇಟ್ಟು, ಉಳಿದದ್ದಕ್ಕೆ ಮೀಟರಿಗೆ 24 ಡಾಲರಿನ ಸಾದಾ ಲಿನನ್ ಎರಡು ಮೀಟರ್ ಬಳಸಿದೆ. ದಾರವೂ ಸೇರಿ 185 ಡಾಲರಿಗೆ ಮುಗಿಯಿತು. ಎರಡನ್ನೂ ಕತ್ತರಿಸುವ ಮೊದಲೇ ತಣ್ಣೀರಿನಲ್ಲಿ ಒಗೆಯಿರಿ. ಸಾದಾ ಲಿನನ್ ಹೆಚ್ಚು ಕುಗ್ಗುತ್ತದೆ, ಹೊಲಿದ ಮೇಲೆ ಕುಗ್ಗಿದರೆ ಜೋಡಿಸಿದ ಕಡೆ ಸುಕ್ಕು ನಿಲ್ಲುತ್ತದೆ. ಇಸ್ತ್ರಿಯನ್ನು ಹಿಂಬದಿಯಿಂದ ಮಾತ್ರ ಮಾಡಿ.

ಡಾರ್ವಿನ್‌ನಿಂದ: ಯಾಕ್‌ಯಾಕ್ ಚಿತ್ರವನ್ನು ತೋಳಿನ ಅಂಚಿಗೆ ಪಟ್ಟಿ ಕತ್ತರಿಸುವುದಕ್ಕೆ ನಾನಂತೂ ಒಪ್ಪಲಾರೆ.

ಅಡಿಲೇಡ್‌ನಿಂದ: ನಾನು ಕೊಂಡದ್ದು ನೀರಿನ ಗಿಡಗಳ ವಿನ್ಯಾಸ, ಅದರಲ್ಲಿ ಮುಖಗಳಿರಲಿಲ್ಲ.