ಸ್ಲ್ಯಾಷರ್‌ನ ಶಿಯರ್ ಬೋಲ್ಟ್ ಪದೇ ಪದೇ ಮುರಿಯುತ್ತಿದೆ, ಇನ್ನೂ ಗಟ್ಟಿ ಬೋಲ್ಟ್ ಹಾಕಬಹುದೇ?

ಕುರುಚಲು:
ಐದಾರು ವರ್ಷ ಉಳುಮೆ ಇಲ್ಲದೆ ಪಾಳು ಬಿದ್ದ 4 ಎಕರೆ ಜಾಗ. ಆಳೆತ್ತರ ಲಂಟಾನ, ನಡುನಡುವೆ ಜಾಲಿ, ಕೆಳಗೆ ಸೊಂಟದವರೆಗೆ ಹುಲ್ಲು. ಕಾಂಡ ಹೆಚ್ಚಿನವು ಹೆಬ್ಬೆರಳು ದಪ್ಪ, ಕೆಲವು ಮುಂಗೈ ದಪ್ಪ. ಟ್ರ್ಯಾಕ್ಟರ್ 45 ಎಚ್‌ಪಿ, ಸ್ಲ್ಯಾಷರ್ (ಹಿಂದೆ ಕಟ್ಟಿ ಪೊದೆ ಕೊಯ್ಯುವ ಯಂತ್ರ) 5 ಅಡಿಯದು, 2 ಇಂಚು ದಪ್ಪದವರೆಗೆ ಕತ್ತರಿಸುತ್ತದೆ ಎಂದು ಕೈಪಿಡಿಯಲ್ಲಿದೆ. ಅರ್ಧ ಗಂಟೆಗೊಂದು ಶಿಯರ್ ಬೋಲ್ಟ್ ಹೋಗುತ್ತಿದೆ. ಕೈಪಿಡಿ ಹೇಳಿದಂತೆ 8.8 ದರ್ಜೆಯದನ್ನೇ ಹಾಕುತ್ತಿದ್ದೇನೆ. 12.9 ಹಾಕಿದರೆ ತಡೆಯುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಗ್ರೀಸ್‌ಗನ್:
ಬೋಲ್ಟ್ ತಡೆಯುತ್ತದೆ, ಗೇರ್‌ಬಾಕ್ಸ್ ತಡೆಯುವುದಿಲ್ಲ. ದಯವಿಟ್ಟು ಹಾಕಬೇಡಿ. ದರ್ಜೆಯಲ್ಲಿ ಚುಕ್ಕಿಗೆ ಮೊದಲಿನ ಸಂಖ್ಯೆಯನ್ನು ನೂರರಿಂದ ಗುಣಿಸಿದರೆ ಉಕ್ಕಿನ ಬಲ ಮೆಗಾಪ್ಯಾಸ್ಕಲ್‌ನಲ್ಲಿ ಸಿಗುತ್ತದೆ: 8.8ಕ್ಕೆ 800, 12.9ಕ್ಕೆ 1200. ಅಂದರೆ ಬೋಲ್ಟ್ ಮುರಿಯುವ ಮೊದಲು ಒಂದೂವರೆ ಪಟ್ಟು ಹೊಡೆತ ಶಾಫ್ಟಿನ ಕ್ರಾಸ್‌ಗೆ (ಬಾಗುವ ಕೀಲು), ಗೇರ್ ಹಲ್ಲಿಗೆ, ಟ್ರ್ಯಾಕ್ಟರಿನ ಪಿಟಿಒಗೆ (ಯಂತ್ರಕ್ಕೆ ಶಕ್ತಿ ಕೊಡುವ ತಿರುಗು ಶಾಫ್ಟ್) ಹೋಗುತ್ತದೆ. ಶಿಯರ್ ಬೋಲ್ಟ್ ಮುರಿಯಲೆಂದೇ ಇಟ್ಟ ಭಾಗ.

ಮುರಿದ ಬೋಲ್ಟನ್ನು ಎಸೆಯದೆ ಕೈಯಲ್ಲಿ ಹಿಡಿದು ನೋಡಿ. ಮುರಿದ ಮುಖ ಒಂದೇ ಏಟಿಗೆ ಕತ್ತರಿಸಿದಂತೆ ಸಪಾಟಾಗಿದ್ದರೆ ಬ್ಲೇಡು ಬೊಡ್ಡೆಗೋ ಕಲ್ಲಿಗೋ ಹೊಡೆದಿದೆ. ಬೋಲ್ಟಿನ ಮೈ ಸೊಂಟ ಕಟ್ಟಿದಂತೆ ತೇದು ಹೊಳೆಯುತ್ತಿದ್ದರೆ ಯೋಕ್‌ನ (ಶಾಫ್ಟಿನ ತುದಿಯ ಕವಲು ಹಿಡಿಕೆ) ತೂತು ಮೊಟ್ಟೆಯಾಕಾರಕ್ಕೆ ಸವೆದಿದೆ. ಸಡಿಲ ತೂತಿನಲ್ಲಿ ಬೋಲ್ಟು ಪ್ರತಿ ಜರ್ಕಿಗೂ ಸುತ್ತಿಗೆ ಏಟು ತಿನ್ನುತ್ತದೆ, ಭಾರವೇ ಇಲ್ಲದಾಗಲೂ ಮುರಿಯುತ್ತದೆ. ಇನ್ನೊಂದು, ಉದ್ದ ತಪ್ಪಿದ ಬೋಲ್ಟ್ ಹಾಕಿದರೆ ಯೋಕ್ ಮತ್ತು ಶಾಫ್ಟ್ ಸೇರುವ ಜಾಗಕ್ಕೆ ಥ್ರೆಡ್ ಬರುತ್ತದೆ. ಥ್ರೆಡ್ ಇರುವಲ್ಲಿ ಬೋಲ್ಟು ತೆಳು. ಅಲ್ಲಿ ನುಣುಪು ಮೈಯೇ ಕೂರಬೇಕು.

ಆಮೇಲೆ ಬ್ಲೇಡ್. ಪಿಟಿಒ ಬಿಡಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಸ್ಲ್ಯಾಷರ್ ಎತ್ತಿ, ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಅಡಿಗೆ ಕೈ ಹಾಕಲೇಬೇಡಿ. ಎರಡೂ ಬ್ಲೇಡು ಕೈಯಲ್ಲಿ ತಳ್ಳಿದರೆ ತಮ್ಮ ಬೋಲ್ಟಿನ ಸುತ್ತ ಸರಾಗವಾಗಿ ತಿರುಗಬೇಕು. ಬೊಡ್ಡೆಗೆ ಬಡಿದಾಗ ಹಿಂದಕ್ಕೆ ಮಡಚಿಕೊಳ್ಳಲೆಂದೇ ಅವನ್ನು ಹಾಗೆ ಕೂರಿಸಿರುವುದು. ತುಕ್ಕು ಹಿಡಿದೋ ನಾರು ಸುತ್ತಿಕೊಂಡೋ ಒಂದು ಬಿಗಿದರೆ ಅದು ಮಡಚುವುದಿಲ್ಲ, ಹೊಡೆತ ಪೂರ್ತಿ ಶಿಯರ್ ಬೋಲ್ಟಿಗೇ.

ಪಿಟಿಒ ಹಾಕುವುದು ಐಡ್ಲಿಂಗ್‌ನಲ್ಲಿ. ನಂತರ ನಿಧಾನಕ್ಕೆ ಮೀಟರಿನ 540 ಗುರುತಿಗೆ (ಪಿಟಿಒ ನಿಮಿಷಕ್ಕೆ 540 ಸುತ್ತು) ತನ್ನಿ. ಎಕಾನಮಿ ಪಿಟಿಒ (ಎಂಜಿನ್ ನಿಧಾನವಿದ್ದಾಗಲೇ 540 ಕೊಡುವುದು) ಇದ್ದರೆ ಇಂಥ ಪೊದೆಗೆ ಅದು ಬೇಡ, ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್‌ಗೆ ಅಷ್ಟು ಶಕ್ತಿ ಇರುವುದಿಲ್ಲ.

ಹುತ್ತ:
ಮೇಲಿನದೆಲ್ಲ ಸರಿ. ಆದರೆ ಮುಂಗೈ ದಪ್ಪದ ಕಾಂಡ 2 ಇಂಚಿನ ಯಂತ್ರದ ಕೆಲಸವೇ ಅಲ್ಲ. ಅವನ್ನು ಚೈನ್ ಗರಗಸದಿಂದ ನೆಲಮಟ್ಟಕ್ಕೆ, ಅಡ್ಡಡ್ಡ ಸಪಾಟಾಗಿ ಕೊಯ್ಯಿರಿ. ಓರೆಯಾಗಿ ಕೊಯ್ದ ಜಾಲಿ ಮೋಟು ಈಟಿಯಂತೆ, ಟೈರಿನ ಪಕ್ಕಕ್ಕೇ ಚುಚ್ಚುತ್ತದೆ.

ಯಂತ್ರ ಇಳಿಸುವ ಮೊದಲು ಕೋಲು ಹಿಡಿದು ಇಡೀ ಜಾಗ ನಡೆದು ಬನ್ನಿ. ಕಲ್ಲು, ಹುತ್ತ, ಗುಂಡಿ, ಮೋಟು, ಹಳೆ ಬೇಲಿಯ ತಂತಿ ಇದ್ದಲ್ಲೆಲ್ಲ ಎದ್ದು ಕಾಣುವ ಬಟ್ಟೆ ಕಟ್ಟಿ. ತಂತಿ ಎಲ್ಲಕ್ಕಿಂತ ಕೆಟ್ಟದ್ದು. ಬ್ಲೇಡಿನ ಮೇಲಿನ ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲ್ ಕೊಯ್ಯುತ್ತದೆ, ಎಣ್ಣೆ ಸೋರಿ ಗೇರ್‌ಬಾಕ್ಸ್ ಒಣಗುವವರೆಗೂ ಗೊತ್ತಾಗುವುದಿಲ್ಲ.

ಮೊದಲ ಸುತ್ತು 6ರಿಂದ 8 ಇಂಚು ಎತ್ತರದಲ್ಲಿ, ಅತಿ ಕೆಳಗಿನ ಗೇರಿನಲ್ಲಿ, ಅರ್ಧ ಅಗಲ ಮಾತ್ರ ತೆಗೆದುಕೊಂಡು. ಎಂಜಿನ್ ಸದ್ದು ಇಳಿಯಿತೆಂದರೆ ಆಗಲೇ ವೇಗ ಜಾಸ್ತಿಯಾಗಿದೆ. ಒಂದೆರಡು ದಿನ ಒಣಗಿದ ಮೇಲೆ ಎರಡನೇ ಸುತ್ತು ಕೆಳಗಿಳಿಸಿ, ಅಷ್ಟರಲ್ಲಿ ಮರೆಯಾಗಿದ್ದ ಕಲ್ಲೂ ಕಾಣುತ್ತದೆ. ಸ್ಲ್ಯಾಷರ್‌ನ ಮುಂಭಾಗ ಹಿಂಭಾಗಕ್ಕಿಂತ ಒಂದಿಂಚು ತಗ್ಗಿರಲಿ. ಹಿಂದೆ ತಗ್ಗಿದ್ದರೆ ಕೊಯ್ದ ಕಸ ಹೊರಹೋಗದೆ ಅಡಿಯಲ್ಲೇ ಮತ್ತೆ ಮತ್ತೆ ಅರೆದು ಶಕ್ತಿ ತಿನ್ನುತ್ತದೆ.

ಆಳೆತ್ತರದ ಗೊಂಚಲಿಗೆ ಮುಂದಿನಿಂದ ನುಗ್ಗಬೇಡಿ. ಹಿಮ್ಮುಖವಾಗಿ, ಸ್ವಲ್ಪ ಎತ್ತಿ ಮೆಲ್ಲಗೆ ಮೇಲಿಂದ ಇಳಿಸುತ್ತ ತಿನ್ನಿಸಿ. ಟೈರು, ರೇಡಿಯೇಟರ್ ಎರಡೂ ಮುಳ್ಳಿನಿಂದ ದೂರ ಉಳಿಯುತ್ತವೆ. ಎತ್ತುವುದು ಹೆಚ್ಚಾದರೆ ಪಿಟಿಒ ಶಾಫ್ಟ್ ಓರೆಯಾಗಿ ಕಟಕಟ ಎನ್ನುತ್ತದೆ, ಆ ಸದ್ದು ಬಂದ ಕೂಡಲೇ ಇಳಿಸಿ. ಸ್ಲ್ಯಾಷರ್‌ನ ಹಿಂದಿನ ಚಕ್ರ ಮೋಟಿಗೆ ಸಿಕ್ಕಿ ಬಾಗದಂತೆಯೂ ನೋಡಿಕೊಳ್ಳಿ.

ಮುಂದೆ, ಹಿಂದೆ ಸರಪಳಿ ಪರದೆ ಇಲ್ಲದೆ ಯಂತ್ರ ಓಡಿಸಬೇಡಿ. ಕಲ್ಲು 100 ಮೀಟರ್ ದೂರ ಸಿಡಿಯಬಲ್ಲದು. ಜನ, ದನ ಅಷ್ಟು ದೂರವೇ ಇರಲಿ.

ಕುರುಚಲು:
ತುಂಬಾ ಧನ್ಯವಾದ. ತೆಗೆದು ನೋಡಿದೆ. ಒಂದು ಬ್ಲೇಡು ಅಲ್ಲಾಡುತ್ತಲೇ ಇಲ್ಲ, ಬುಡದಲ್ಲಿ ಲಂಟಾನದ ಸಿಪ್ಪೆ ಹಗ್ಗದಂತೆ ಸುತ್ತಿದೆ. ಯೋಕ್ ತೂತೂ ಉದ್ದಗಾಗಿದೆ. ವೆಲ್ಡ್ ತುಂಬಿ ಮತ್ತೆ ಕೊರೆಸಬಹುದೇ? ಬ್ಲೇಡು ಎಷ್ಟು ಹರಿತ ಇರಬೇಕು?

ಗ್ರೀಸ್‌ಗನ್:
ಹಾಗಾದರೆ ಎರಡು ಕಾರಣ ಒಟ್ಟಿಗೇ ಸಿಕ್ಕವು. ಯೋಕ್ ಬದಲಿಸಿ. ವೆಲ್ಡ್ ತುಂಬಿದ ತೂತು ಕೂದಲೆಳೆ ಆಚೀಚೆಯಾದರೂ ಅದೇ ಸಡಿಲ ಮರಳುತ್ತದೆ, ಬಿಸಿಗೆ ಉಕ್ಕಿನ ಗುಣವೂ ಕೆಡುತ್ತದೆ. ಹೊಸ ಯೋಕ್ ಕೂರಿಸುವಾಗ ಗ್ರೀಸ್ ಹಾಕಿ. ಬೋಲ್ಟು ಮುರಿದಾಗ ಅದು ಶಾಫ್ಟಿನ ಮೇಲೆ ಸುಮ್ಮನೆ ತಿರುಗಬೇಕು, ಒಣಗಿದ್ದರೆ ಅಂಟಿಕೊಂಡುಬಿಡುತ್ತದೆ.

ಬ್ಲೇಡು ಚಾಕುವಿನಷ್ಟು ಹರಿತ ಬೇಡ, ಅಂಚು ಸುಮಾರು 1.5 ಮಿ.ಮೀ. ದಪ್ಪ ಉಳಿಯಲಿ. ಅದಕ್ಕಿಂತ ತೆಳುವಾದರೆ ಮೊದಲ ಕಲ್ಲಿಗೇ ಚಕ್ಕೆ ಏಳುತ್ತದೆ. ಎರಡರಿಂದಲೂ ಸಮನಾಗಿ ಸವೆಸಿ, ತಕ್ಕಡಿಯಲ್ಲಿಟ್ಟು ನೋಡಿ. ಬದಲಿಸುವುದಾದರೆ ಜೋಡಿಯಾಗಿಯೇ. ಒಂದು ಹಳತು ಒಂದು ಹೊಸತು ಹಾಕಿದರೆ ನಡುಕ ಬಂದು ಬೇರಿಂಗ್ ಹೋಗುತ್ತದೆ. ಬ್ಲೇಡ್ ಬೋಲ್ಟಿನ ನಟ್ಟನ್ನು ಮೊದಲ ಒಂದು ಗಂಟೆ ಕೆಲಸದ ನಂತರ ಮತ್ತೆ ಬಿಗಿಮಾಡಿ. ಕ್ರಾಸ್‌ಗಳಿಗೆ 8 ಗಂಟೆಗೊಮ್ಮೆ ಗ್ರೀಸ್.

ಬೇರುಗಡ್ಡೆ:
ಕೊಯ್ದಲ್ಲಿಗೆ ಕೆಲಸ ಮುಗಿಯುವುದಿಲ್ಲ, ಈಗಲೇ ಯೋಚಿಸಿ. ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ. ಉದ್ದ ತುಂಡು ಹಸಿ ನೆಲಕ್ಕೆ ತಾಗಿಕೊಂಡಿದ್ದರೆ ಅಲ್ಲೂ ಬೇರು ಬಿಡುತ್ತದೆ. ಮಣ್ಣು ಒದ್ದೆಯಿರುವಾಗ ಗುದ್ದಲಿಯಿಂದ ಬುಡದ ಗಂಟಿನ ಕೆಳಗೆ ಕಡಿದು ಬೇರುಗಡ್ಡೆ ಎಬ್ಬಿಸಿ, ತಲೆಕೆಳಗು ಮಾಡಿ ಒಣಗಿಸಿ. ಪ್ರೊಸೊಪಿಸ್ ಜಾತಿಯ ಜಾಲಿಯಾದರೆ (ಬಳ್ಳಾರಿ ಜಾಲಿ) ಮೊಗ್ಗು ಮಣ್ಣಿನೊಳಗೂ ಇರುತ್ತವೆ, ಸುಮಾರು 30 ಸೆಂ.ಮೀ. ಕೆಳಗೆ ಕಡಿಯಬೇಕು. ಉಳಿದ ಚಿಗುರನ್ನು ಮೊಣಕಾಲು ಎತ್ತರ ಬಂದಾಗಲೇ, ಹೂ ಬಿಡುವ ಮೊದಲೇ ಸ್ಲ್ಯಾಷರ್‌ಗೆ ಕೊಡಿ.

ಲಂಟಾನದ ಎಲೆ ದನಕ್ಕೆ ವಿಷ, ಕೊಯ್ದು ಬಾಡಿದ್ದೂ ವಿಷವೇ. ಕೊಯ್ದ ಜಾಗಕ್ಕೆ ಕೂಡಲೇ ಮೇಯಲು ಬಿಡಬೇಡಿ.

ಒಣಹುಲ್ಲು ಇರುವುದರಿಂದ ರೇಡಿಯೇಟರ್ ಜಾಲರಿಯನ್ನು ಅರ್ಧ ಗಂಟೆಗೊಮ್ಮೆ ನೋಡಿ. ಗಾಳಿ ಊದುವುದು ಎಂಜಿನ್ ಕಡೆಯಿಂದ ಹೊರಕ್ಕೆ, ಇಲ್ಲದಿದ್ದರೆ ಬೀಜ, ನಾರು ಒಳಗೇ ಕೂರುತ್ತವೆ. ಸೈಲೆನ್ಸರ್ ಸುತ್ತ, ಗೇರ್‌ಬಾಕ್ಸ್ ಮೇಲೆ ಸೇರಿದ ಕಸವನ್ನೂ ಅದೇ ಹೊತ್ತಿಗೆ ಕೆರೆದು ತೆಗೆಯಿರಿ, ಬೆಂಕಿ ಹತ್ತುವುದು ಅಲ್ಲಿಂದಲೇ. ಅಗ್ನಿಶಾಮಕ ಸಿಲಿಂಡರ್ ಟ್ರ್ಯಾಕ್ಟರಿನಲ್ಲಿ ಕೈಗೆಟುಕುವಲ್ಲಿ ಇರಲಿ.