ಫ್ರೀಬಿಎಸ್‌ಡಿ 14 ಡೆಸ್ಕ್‌ಟಾಪ್: ಹೆಡ್‌ಫೋನ್‌ನಲ್ಲಿ ಸೌಂಡ್ ಇಲ್ಲ, ರೆಕಾರ್ಡಿಂಗ್‌ಗೆ ಏನೇನು ಹಾಕಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಮ್ಮೂರ ಲೈಬ್ರರಿಯಲ್ಲಿ ಕಣ್ಣು ಕಾಣದವರಿಗಾಗಿ ಕನ್ನಡ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಬೇಕು ಅಂತಿದ್ದೇವೆ. ದಾನವಾಗಿ ಬಂದ ಹಳೇ ಡೆಸ್ಕ್‌ಟಾಪ್‌ಗಳಿವೆ, ಎಲ್ಲವೂ ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್‌ನವು. ಫ್ರೀಬಿಎಸ್‌ಡಿ 14 ಎಂಬ ಆಪರೇಟಿಂಗ್ ಸಿಸ್ಟಂ, ಅದರ ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದ್ದೇನೆ. ಓದುವವರಿಗೆ ರೆಕಾರ್ಡಿಂಗ್, ಎಡಿಟಿಂಗ್ ಬೇಕು. ಉಳಿದ ಹೊತ್ತಲ್ಲಿ ಮಕ್ಕಳು ಪಾಠದ ವಿಡಿಯೋ ನೋಡುತ್ತಾರೆ. ಒಮ್ಮೊಮ್ಮೆ ವಿಡಿಯೋ ಕಾಲ್ ಕೂಡ ಇರುತ್ತದೆ.

ಮಾನಿಟರ್ ಎಚ್‌ಡಿಎಂಐನಲ್ಲಿದೆ, ಅದಕ್ಕೆ ಸ್ಪೀಕರ್ ಇಲ್ಲ. ಮುಂದಿನ ಜ್ಯಾಕ್‌ಗೆ ಹೆಡ್‌ಫೋನ್ ಸಿಕ್ಕಿಸಿದರೆ ಏನೂ ಕೇಳುವುದಿಲ್ಲ. ಒಬ್ಬರು ಪಲ್ಸ್‌ಆಡಿಯೋ ಹಾಕಿ ಅಂದರು, ಇನ್ನೊಬ್ಬರು ಪೈಪ್‌ವೈರ್ ಅಂದರು. ಎರಡೂ ಹಾಕಿ ನೋಡಿ ಆಯ್ತು. ಎಲ್ಲ ಮಷಿನ್‌ಗಳಿಗೂ ಒಂದೇ ತರಹ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಕರ್ನಲ್‌ಕಟ್ಟೆ:

ತುಂಬಾ ಒಳ್ಳೇ ಕೆಲಸ ಹಿಡಿದಿದ್ದೀರಿ ಸರ್. ಮೊದಲು ಪಲ್ಸ್‌ಆಡಿಯೋ, ಪೈಪ್‌ವೈರ್ ಎಂಬ ಆ ಎರಡು ಸೌಂಡ್ ಸರ್ವರ್‌ಗಳನ್ನೂ (ಬೇರೆ ಪ್ರೋಗ್ರಾಂಗಳ ಸೌಂಡನ್ನು ಬೆರೆಸಿ ಕಳಿಸುವ ನಡುವಿನ ಪ್ರೋಗ್ರಾಂಗಳು) ಪಕ್ಕಕ್ಕಿಡಿ. ನಿಮ್ಮ ಕೆಲಸಕ್ಕೆ ಎರಡೂ ಬೇಡ.

ಕಾರಣ ಇಷ್ಟೇ. ಲಿನಕ್ಸ್ 2.6 ಬಂದಾಗ, ಅಂದರೆ 2003ರ ಕೊನೆಗೆ, ಅಲ್ಲಿ ಓಎಸ್‌ಎಸ್ ಅನ್ನುವ ಹಳೇ ಸೌಂಡ್ ವ್ಯವಸ್ಥೆ ಹಿಂದೆ ಸರಿದು ಆಲ್ಸಾ ಅನ್ನುವ ಹೊಸದು ಮುಂದೆ ಬಂತು. ಫ್ರೀಬಿಎಸ್‌ಡಿ ಓಎಸ್‌ಎಸ್ ಅನ್ನೇ ಇಟ್ಟುಕೊಂಡು ಬೆಳೆಸಿತು. ಇಲ್ಲಿ ನಾಲ್ಕು ಪ್ರೋಗ್ರಾಂಗಳ ಸೌಂಡನ್ನು ಒಟ್ಟಿಗೆ ಬೆರೆಸುವುದು ಸಿಸ್ಟಂನ ತಿರುಳಾದ ಕರ್ನಲ್‌ನದೇ ಕೆಲಸ. ಅದಕ್ಕಾಗಿ ಮೇಲೊಂದು ಸರ್ವರ್ ಕೂರಿಸಬೇಕಿಲ್ಲ. ಲಿನಕ್ಸ್‌ಗೆ ಅಂತ ಬರೆದ ಸಲಹೆಗಳನ್ನು ಇಲ್ಲಿ ಹಾಗೇ ಹಾಕಿದರೆ ಗೋಜಲು ಜಾಸ್ತಿ ಆಗುತ್ತದೆ, ಅಷ್ಟೇ.

ಈಗ ಟರ್ಮಿನಲ್‌ನಲ್ಲಿ ಕ್ಯಾಟ್ ಕೊಟ್ಟು, ಸೌಂಡ್ ಡಿವೈಸ್‌ಗಳ ಪಟ್ಟಿ ಇರುವ /ಡೆವ್/ಎಸ್‌ಎನ್‌ಡಿಸ್ಟ್ಯಾಟ್ ಏನು ತೋರಿಸುತ್ತದೆ ಅಂತ ಹಾಕಿ. ಅದನ್ನು ನೋಡದೆ ಹೇಳಿದ್ದೆಲ್ಲ ಊಹೆ ಆಗುತ್ತದೆ.

ತುಂಗಾತೀರ:

ಮೂರು ಸಾಲು ಬಂತು ಸರ್. ಪಿಸಿಎಂ0 ಇಂಟೆಲ್ ಎಚ್‌ಡಿಎಂಐ, ಪ್ಲೇ ಮಾತ್ರ, ಪಕ್ಕದಲ್ಲಿ ಡೀಫಾಲ್ಟ್ ಅಂತಿದೆ. ಪಿಸಿಎಂ1 ರಿಯಲ್‌ಟೆಕ್ ರಿಯರ್ ಅನಲಾಗ್, ಪ್ಲೇ ಮತ್ತು ರೆಕ್. ಪಿಸಿಎಂ2 ರಿಯಲ್‌ಟೆಕ್ ಫ್ರಂಟ್ ಅನಲಾಗ್, ಇದಕ್ಕೂ ಪ್ಲೇ ಮತ್ತು ರೆಕ್.

ಕರ್ನಲ್‌ಕಟ್ಟೆ:

ಸರಿ, ಸಿಕ್ಕಿತು. ನಾಲ್ಕನೇ ತಲೆಮಾರಿನ ಇಂಟೆಲ್‌ನಲ್ಲಿ ಎಚ್‌ಡಿಎಂಐ ಆಡಿಯೋಗೆ ಬೇರೆ ಕಂಟ್ರೋಲರ್ ಇದೆ. ಬೂಟ್ ಆಗುವಾಗ ಅದು ಮೊದಲು ಸಿಗುತ್ತದೆ, ಹಾಗಾಗಿ ನಂಬರ್ 0 ಅದಕ್ಕೆ ಹೋಯಿತು. ನಿಮ್ಮ ಸೌಂಡೆಲ್ಲ ಸ್ಪೀಕರ್ ಇಲ್ಲದ ಮಾನಿಟರ್‌ಗೆ ಹೋಗುತ್ತಿದೆ. ಡ್ರೈವರ್ ಸರಿಯಾಗೇ ಇದೆ.

ರೂಟ್ (ಅಡ್ಮಿನ್) ಆಗಿ, ಸಿಸ್ಟಂ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಕಮಾಂಡ್‌ಗೆ ಎಚ್‌ಡಬ್ಲ್ಯೂ.ಎಸ್‌ಎನ್‌ಡಿ.ಡೀಫಾಲ್ಟ್_ಯುನಿಟ್=2 ಅಂತ ಕೊಡಿ. ಮುಂದಿನ ಹೆಡ್‌ಫೋನ್ ಜ್ಯಾಕ್, ಮುಂದಿನ ಮೈಕ್ ಜ್ಯಾಕ್ ಎರಡೂ ಪಿಸಿಎಂ2ರಲ್ಲೇ ಇವೆ. ಓದುವವರಿಗೆ ಬೇಕಾದ್ದೂ ಅದೇ ಅಲ್ವಾ? ಕೆಲಸ ಮಾಡಿದರೆ ಅದೇ ಸಾಲನ್ನು /ಇಟಿಸಿ/ಸಿಸ್‌ಸಿಟಿಎಲ್.ಕಾನ್ಫ್ ಫೈಲ್‌ಗೂ ಸೇರಿಸಿ, ಇಲ್ಲದಿದ್ದರೆ ರೀಬೂಟ್ ಆದಮೇಲೆ ಹೋಗುತ್ತದೆ. ಮೊದಲೇ ತೆರೆದಿಟ್ಟ ಪ್ರೋಗ್ರಾಂಗಳು ಹಳೇ ಡಿವೈಸನ್ನೇ ಹಿಡಿದುಕೊಂಡಿರುತ್ತವೆ. ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಹೆಡ್‌ಫೋನ್ ಹಾಕಿದ ತಕ್ಷಣ ಹಿಂದಿನ ಸ್ಪೀಕರ್ ತಾನೇ ನಿಲ್ಲಬೇಕು ಅಂದರೆ ಪಿನ್‌ಗಳ ಹಿಂಟ್ ಬರೆಯಬೇಕು: ಎರಡೂ ಜ್ಯಾಕ್‌ಗಳನ್ನು ಒಂದೇ ಗುಂಪಿಗೆ ಸೇರಿಸಿ, ಹೆಡ್‌ಫೋನ್ ಪಿನ್‌ಗೆ ಸೀಕ್ವೆನ್ಸ್ 15 ಕೊಡುವುದು. ಪಿನ್ ನಂಬರ್ ಬೋರ್ಡಿನಿಂದ ಬೋರ್ಡಿಗೆ ಬೇರೆ ಇರುತ್ತದೆ. ನಿಮಗೆ ಸ್ಪೀಕರೇ ಇಲ್ಲ, ಹಾಗಾಗಿ ಸುಮ್ನೆ ಅದರ ತಂಟೆಗೆ ಹೋಗಬೇಡಿ.

ಇನ್ನು ಎಲ್ಲ ಮಷಿನ್‌ಗಳ ಮಾತು. ಪ್ರೋಗ್ರಾಂ ಆರಿಸುವಾಗ ನೇರವಾಗಿ ಓಎಸ್‌ಎಸ್ ಜೊತೆ ಮಾತಾಡುತ್ತದಾ ಅಂತ ಮೊದಲು ನೋಡಿ. ರೆಕಾರ್ಡಿಂಗ್, ಎಡಿಟಿಂಗ್‌ಗೆ ಇರುವ ಅಡಾಸಿಟಿ ಮಾತಾಡುತ್ತದೆ, ಹೋಸ್ಟ್ ಜಾಗದಲ್ಲಿ ಓಎಸ್‌ಎಸ್ ಆರಿಸಿ. ವಿಡಿಯೋ ಪ್ಲೇಯರ್ ಎಂಪಿವಿ, ಫೈಲ್ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಕೂಡ ಸರಿ. ಫೈರ್‌ಫಾಕ್ಸ್‌ನಲ್ಲಿ ಅಬೌಟ್:ಕಾನ್ಫಿಗ್ ತೆರೆದು ಮೀಡಿಯಾ.ಕ್ಯೂಬೆಬ್.ಬ್ಯಾಕೆಂಡ್ ಹೆಸರಿನಲ್ಲಿ ಸಣ್ಣಕ್ಷರದಲ್ಲಿ ಓಎಸ್‌ಎಸ್ ಅಂತ ಬರೆಯಿರಿ. ಬೇರೆ ಪ್ಯಾಕೇಜ್‌ಗಳ ಬಾಲ ಹಿಡಿದು ಪಲ್ಸ್‌ಆಡಿಯೋ ಮತ್ತೆ ಒಳಗೆ ಬರಬಹುದು. ತೆಗೆಯೋಕೆ ಹೋಗಬೇಡಿ, ಅದರ ಕ್ಲೈಂಟ್.ಕಾನ್ಫ್‌ನಲ್ಲಿ ಆಟೋಸ್ಪಾನ್ ನೋ ಮಾಡಿದರೆ ತಾನಾಗಿ ಏಳುವುದಿಲ್ಲ.

ತುಂಗಾತೀರ:

ಹೆಡ್‌ಫೋನ್‌ನಲ್ಲಿ ಸೌಂಡ್ ಬಂತು ಸರ್! ತುಂಬಾ ಧನ್ಯವಾದ. ಆದರೆ ಅಡಾಸಿಟಿಯಲ್ಲಿ ರೆಕಾರ್ಡ್ ಮಾಡಿದ ದನಿ ಬಹಳ ಸಣ್ಣಗಿದೆ. ಜೋರು ಮಾಡಿದರೆ ಹಿಂದೆ ಸುಂಯ್ ಅನ್ನುವ ಸದ್ದು.

ಮೈಕ್‌ಮುಂದೆ:

ಇದಕ್ಕೆ ನಾನು ಹೇಳುತ್ತೇನೆ, ರೆಕಾರ್ಡಿಂಗ್ ನನ್ನ ದಿನದ ಕೆಲಸ.

ಮಿಕ್ಸರ್ ಕಮಾಂಡ್‌ಗೆ ಎಫ್ ಆಪ್ಷನ್ ಜೊತೆ /ಡೆವ್/ಮಿಕ್ಸರ್2 ಕೊಡಿ. ಮೈಕ್ ಸಾಲಿನ ಕೊನೆಗೆ ಎಸ್‌ಆರ್‌ಸಿ (ರೆಕಾರ್ಡಿಂಗ್ ಮೂಲ) ಅಂತ ಇರಬೇಕು. ಅದು ಲೈನ್ ಮುಂದೆ ಇದ್ದರೆ ನೀವು ಖಾಲಿ ಜ್ಯಾಕನ್ನು ರೆಕಾರ್ಡ್ ಮಾಡುತ್ತಿದ್ದೀರಿ. ಸರಿಯಿದ್ದರೆ ಮೈಕ್, ರೆಕ್ ಎರಡನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ. ಓದುವವರು ದನಿ ಏರಿಸಿದಾಗಲೂ ಅಡಾಸಿಟಿಯ ಮೀಟರ್ ಮೈನಸ್ 6 ಡೆಸಿಬಲ್ ಹತ್ತಿರವೇ ನಿಲ್ಲಬೇಕು. 14ರಲ್ಲಿ ಮಿಕ್ಸರ್ ಕಮಾಂಡನ್ನೇ ಹೊಸದಾಗಿ ಬರೆದಿದ್ದಾರೆ, ಹಳೇ ಲೇಖನಗಳಲ್ಲಿರುವ ರೂಪ ಕೆಲವು ಕಡೆ ಹೊಂದುವುದಿಲ್ಲ. ಮ್ಯಾನ್ ಪೇಜ್ ನೋಡಿಕೊಳ್ಳಿ.

ಸುಂಯ್ ಸದ್ದಿಗೆ ಸಾಫ್ಟ್‌ವೇರ್‌ನಲ್ಲಿ ಪೂರ್ತಿ ಮದ್ದಿಲ್ಲ. ಮುಂದಿನ ಜ್ಯಾಕ್‌ನಿಂದ ಬೋರ್ಡಿಗೆ ಹೋಗುವ ಸಣ್ಣ ವೈರ್ ಕ್ಯಾಬಿನೆಟ್ ಒಳಗೆ ಪವರ್ ಸಪ್ಲೈ, ಫ್ಯಾನ್ ಪಕ್ಕದಲ್ಲೇ ಹಾದು ಬರುತ್ತದೆ. ಮೈಕ್‌ನ ಕ್ಷೀಣ ಸಿಗ್ನಲ್ ಜೊತೆ ಆ ಗದ್ದಲವೂ ಸೇರಿ ದೊಡ್ಡದಾಗುತ್ತದೆ. ಯುಎಸ್‌ಬಿ ಮೈಕ್ ತಗೊಳ್ಳಿ. ಅದರಲ್ಲಿ ದನಿ ಮೈಕ್ ಒಳಗೇ ಅಂಕಿಯಾಗಿ ಬರುವುದರಿಂದ ಕ್ಯಾಬಿನೆಟ್‌ನ ಸದ್ದು ಸೇರುವುದಿಲ್ಲ. ಗಂಟೆಗಟ್ಟಲೆ ಪುಸ್ತಕ ಕೇಳುವವರಿಗೆ ಆ ಸುಂಯ್ ನಿಜವಾಗಲೂ ಹಿಂಸೆ. ದುಡ್ಡು ಕಡಿಮೆ ಇದ್ದರೆ ಬೇರೆ ಎಲ್ಲ ಬಿಟ್ಟು ಇದಕ್ಕೆ ಮೊದಲು ಹಾಕಿ ಅಂತ ನಾನು ಹೇಳುತ್ತೇನೆ.

ರೆಕಾರ್ಡಿಂಗ್ 48000 ಹರ್ಟ್ಸ್, 16 ಬಿಟ್, ಮೋನೋ ಸಾಕು. ಗಂಟೆಗೆ ಸುಮಾರು 346 ಎಂಬಿ ಆಗುತ್ತದೆ. ಎಡಿಟ್ ಮುಗಿದದ್ದನ್ನು ಗುಣಮಟ್ಟ ಕಳೆಯದ ಫ್ಲಾಕ್‌ನಲ್ಲಿ ಇಟ್ಟುಕೊಳ್ಳಿ. ಹಂಚೋಕೆ ಓಪಸ್ 32 ಕಿಲೋಬಿಟ್ ಮಾಡಿದರೆ ಗಂಟೆಗೆ 15 ಎಂಬಿ ಒಳಗೇ ಇರುತ್ತದೆ, ಮಾತಿಗೆ ಚೆನ್ನಾಗೇ ಕೇಳುತ್ತದೆ. ಕೇಳುವವರ ಹತ್ತಿರ ಹಳೇ ಪ್ಲೇಯರ್ ಇದ್ದರೆ ಎಂಪಿ3 ಕೊಡಿ.

ಕರ್ನಲ್‌ಕಟ್ಟೆ:

ವಿಡಿಯೋ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಗ್ರಾಫಿಕ್ಸ್ ಡ್ರೈವರ್ ಆದ ಡಿಆರ್‌ಎಂ-ಕೆಮಾಡ್ ಹಾಕಿ, ಬಳಕೆದಾರರನ್ನು ವಿಡಿಯೋ ಗ್ರೂಪ್‌ಗೆ ಸೇರಿಸಿ. ಆ ಐ3ಯ ಗ್ರಾಫಿಕ್ಸ್ ಎಚ್.264 ಎಂಬ ವಿಡಿಯೋ ಫಾರ್ಮ್ಯಾಟನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತದೆ, ವಿಪಿ9 ಎಂಬ ಫಾರ್ಮ್ಯಾಟನ್ನು ಇಲ್ಲ. ಹಾಗಾಗಿ ಪಾಠದ ವಿಡಿಯೋಗಳನ್ನು ಎಚ್.264ರಲ್ಲೇ ಇಟ್ಟುಕೊಂಡು ಎಂಪಿವಿಯಲ್ಲಿ ತೋರಿಸಿ. ಕ್ಯಾಮೆರಾಕ್ಕೆ ವೆಬ್‌ಕ್ಯಾಮ್‌ಡಿ ಎಂಬ ಪ್ರೋಗ್ರಾಂ ಬೇಕು.

ಪ್ಯಾಕೇಜ್‌ಗಳನ್ನು ಮೂರು ತಿಂಗಳಿಗೊಮ್ಮೆ ಹೊಸದಾಗುವ ಕ್ವಾರ್ಟರ್ಲಿ ಶಾಖೆಯಲ್ಲೇ ಬಿಡಿ. ಡಿಸ್ಕ್‌ನಲ್ಲಿ ಜೆಡ್‌ಎಫ್‌ಎಸ್ ಫೈಲ್‌ಸಿಸ್ಟಂ ಇದ್ದರೆ ಪ್ರತಿ ಅಪ್‌ಗ್ರೇಡ್‌ಗೆ ಮೊದಲು ಬಿಇಸಿಟಿಎಲ್ ಕಮಾಂಡ್‌ನಿಂದ ಒಂದು ಬೂಟ್ ಎನ್ವಿರಾನ್‌ಮೆಂಟ್ (ಹಿಂದಕ್ಕೆ ಮರಳಲು ಸಿಸ್ಟಂನ ಒಂದು ಪ್ರತಿ) ಮಾಡಿಡಿ. ಹೊಸ ಕರ್ನಲ್‌ಗೂ ಗ್ರಾಫಿಕ್ಸ್ ಮಾಡ್ಯೂಲ್‌ಗೂ ಹೊಂದದಿದ್ದರೆ ಸ್ಕ್ರೀನ್ ಕಪ್ಪಾಗಿ ಕೂರುತ್ತದೆ. ಆಗ ಹಳೆಯದಕ್ಕೆ ಬೂಟ್ ಮಾಡಿದರೆ ಆ ದಿನದ ಓದು ನಿಲ್ಲುವುದಿಲ್ಲ.

ತುಂಗಾತೀರ:

ಒಬ್ಬರು ಯುಎಸ್‌ಬಿ ಮೈಕ್ ಕೊಟ್ಟರು, ಸಿಕ್ಕಿಸಿದೆ. ಪಿಸಿಎಂ3 ಅಂತ ಬಂದಿದೆ, ರೆಕ್ ಮಾತ್ರ. ಇದನ್ನು ಡೀಫಾಲ್ಟ್ ಮಾಡಿದರೆ ಹೆಡ್‌ಫೋನ್ ನಿಲ್ಲುತ್ತದೆ, ಮಾಡದಿದ್ದರೆ ವಿಡಿಯೋ ಕಾಲ್‌ನಲ್ಲಿ ಹಳೇ ಮೈಕ್ ಬರುತ್ತದೆ.

ಕರ್ನಲ್‌ಕಟ್ಟೆ:

ಡೀಫಾಲ್ಟ್ 2ರಲ್ಲೇ ಇರಲಿ. ಅಡಾಸಿಟಿಯಲ್ಲಿ ಪ್ಲೇಗೆ /ಡೆವ್/ಡಿಎಸ್‌ಪಿ2 (ಅಂದರೆ ಪಿಸಿಎಂ2), ರೆಕಾರ್ಡ್‌ಗೆ /ಡೆವ್/ಡಿಎಸ್‌ಪಿ3 (ಪಿಸಿಎಂ3) ಬೇರೆ ಬೇರೆಯಾಗಿ ಆರಿಸಬಹುದು. ಅಲ್ಲಿಗೆ ಪುಸ್ತಕದ ಕೆಲಸ ಆಯ್ತು.

ವಿಡಿಯೋ ಕಾಲ್‌ಗೆ ಎರಡನ್ನೂ ಒಂದು ಡಿವೈಸ್ ಮಾಡಿ ತೋರಿಸಬೇಕು. ಅದಕ್ಕೇ ವರ್ಚುವಲ್_ಓಎಸ್‌ಎಸ್ ಎಂಬ ಪ್ರೋಗ್ರಾಂ ಇದೆ. ಮೊದಲು ಅದಕ್ಕೆ ಬೇಕಾದ ಕ್ಯೂಸ್ ಎಂಬ ಕರ್ನಲ್ ಮಾಡ್ಯೂಲ್ ಲೋಡ್ ಮಾಡಿ. ಆಮೇಲೆ ದೊಡ್ಡಕ್ಷರದ ಪಿ ಆಪ್ಷನ್‌ಗೆ ಡಿಎಸ್‌ಪಿ2, ದೊಡ್ಡಕ್ಷರದ ಆರ್ ಆಪ್ಷನ್‌ಗೆ ಡಿಎಸ್‌ಪಿ3, ಸಣ್ಣಕ್ಷರದ ಡಿ ಆಪ್ಷನ್‌ಗೆ ಬರೀ ಡಿಎಸ್‌ಪಿ, ರೇಟ್ 48000 ಕೊಟ್ಟು ನಡೆಸಿ. ಬರೀ ಡಿಎಸ್‌ಪಿ ಅನ್ನುವ ಹೆಸರಿನಲ್ಲಿ ಹೊಸ ಡಿವೈಸ್ ಬರುತ್ತದೆ, ಫೈರ್‌ಫಾಕ್ಸ್ ಅದನ್ನೇ ತೆರೆಯುತ್ತದೆ. ಮೈಕ್ ಕಿತ್ತು ಬೇರೆ ಪೋರ್ಟ್‌ಗೆ ಹಾಕಿದಾಗ ನಂಬರ್ ಬದಲಾಗಬಹುದು, ಹಾಗಾಗಿ ಪ್ರತಿ ಮಷಿನ್‌ನಲ್ಲೂ ಮೈಕ್‌ನ ಪೋರ್ಟ್ ಮೇಲೆ ಒಂದು ಚೀಟಿ ಅಂಟಿಸಿ.